ಆ ಫೋನನ್ನು ಕಸಿದುಕೊಳ್ಳುವವರಿಗೆ



ಮೊಬೈಲು ಮಕ್ಕಳನ್ನು ಕೆಡಿಸುತ್ತದೆ ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಈಗ ವಿರೋಧಪಕ್ಷವೇ ಇಲ್ಲವಾಗಿದೆ. ಲಗ್ನದ ಪಂಕ್ತಿಯಲ್ಲಿ ಯಾರಾದರೂ ಈ ವಿಷಯ ಎತ್ತಿದರೆ ಎಡಬಲದ ಹತ್ತು ತಲೆಗಳು ತೂಗುತ್ತವೆ. ತೂಗಿದ ತಲೆಗಳೇ ಮರುಕ್ಷಣ ಬಗ್ಗಿ ತಮ್ಮ ತಮ್ಮ ಮೊಬೈಲು ನೋಡತೊಡಗುತ್ತವೆ ಎಂಬುದು ಬೇರೆ ಮಾತು. ನಿಮ್ಮಲ್ಲಿ ಹಲವರು ಇಂದು ಮುಖ್ಯೋಪಾಧ್ಯಾಯರಾಗಿದ್ದೀರಿ, ವಸತಿನಿಲಯಗಳ ಮೇಲ್ವಿಚಾರಕರಾಗಿದ್ದೀರಿ, ಹರೆಯದ ಮಕ್ಕಳ ತಂದೆತಾಯಿಗಳಾಗಿದ್ದೀರಿ. ಫೋನು ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕುವುದನ್ನು ಶಿಸ್ತು ಎಂದು ಕರೆಯುತ್ತಿದ್ದೀರಿ. ನಾನಿಂದು ಆ ಶಿಸ್ತಿನ ವಿರುದ್ಧ ಬರೆಯಲು ಕುಳಿತಿದ್ದೇನೆ. ರಾತ್ರಿ ಎರಡು ಗಂಟೆಯವರೆಗೆ ಬೆರಳಾಡಿಸುತ್ತ ಕೂಡುವ ನನ್ನ ಮೊಮ್ಮಗನ ಪರವಾಗಿ ವಕಾಲತ್ತು ವಹಿಸುತ್ತಿಲ್ಲ, ಅವನು ಸಂತೋಷಪಡಬೇಕಾಗಿಲ್ಲ. ನನ್ನ ವಾದವೆಲ್ಲ ಎಚ್.ಐ.ವಿ.ಯೊಂದಿಗೆ ಬದುಕುತ್ತಿರುವ ಹರೆಯದವರನ್ನು ಕುರಿತದ್ದು. ಅವರು ನಿಮ್ಮ ಶಾಲೆಯಲ್ಲಿಲ್ಲ, ನಿಮ್ಮ ಓಣಿಯಲ್ಲಿಲ್ಲ ಎಂದು ನೀವು ಭಾವಿಸಿದ್ದರೆ, ಅವರು ತಮ್ಮ ಗುಟ್ಟನ್ನು ಚೆನ್ನಾಗಿ ಕಾಪಾಡಿಕೊಂಡಿದ್ದಾರೆ ಎಂದಷ್ಟೇ ಅದರ ಅರ್ಥ.

ಈ ಮಕ್ಕಳು ಯಾರು? 1986ರಲ್ಲಿ ಅಂದಿನ ಮದ್ರಾಸಿನಲ್ಲಿ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರು ಭಾರತದ ಮೊದಲ ಎಚ್.ಐ.ವಿ. ಪ್ರಕರಣಗಳನ್ನು ಪತ್ತೆಹಚ್ಚಿದರು. ಸರ್ಕಾರವು ಉಚಿತವಾಗಿ ಎ.ಆರ್.ಟಿ. ಔಷಧ ಕೊಡಲಾರಂಭಿಸಿದ್ದು 2004ರ ಏಪ್ರಿಲಿನಲ್ಲಿ. ಮಕ್ಕಳಿಗೆಂದೇ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2006ರ ನವೆಂಬರಿನ ಕೊನೆಯಲ್ಲಿ. ಆ ನಡುವಿನ ವರ್ಷಗಳಲ್ಲಿ ಉತ್ತರ ಕರ್ನಾಟಕದ ಊರೂರಲ್ಲಿ ‘ಜಡ್ಡು ಹತ್ತಿ ಹೋದ’ ಗಂಡಂದಿರನ್ನು, ಅವರ ಹಿಂದೆಯೇ ಸವೆದುಹೋದ ಹೆಂಡಂದಿರನ್ನು ನಿಮ್ಮಲ್ಲಿ ವಯಸ್ಸಾದವರು ಬಲ್ಲಿರಿ. ಸಾವಿನ ಮನೆಯಲ್ಲಿ ಕಾರಣ ಕೇಳಿದರೆ ಕ್ಷಯ ಎನ್ನುತ್ತಿದ್ದರು, ಕಾಮಾಲೆ ಎನ್ನುತ್ತಿದ್ದರು. ಹಾಗೆ ಹೋದವರು ಬಿಟ್ಟುಹೋದ ಕೂಸುಗಳಲ್ಲಿ, ಔಷಧ ಬರುವವರೆಗೆ ಹೇಗೋ ಉಸಿರು ಹಿಡಿದುಕೊಂಡವು ಬದುಕಿದವು. ಅಜ್ಜಿಯ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಬೆಳೆದ ಆ ಕೂಸುಗಳಿಗೆ ಈಗ ಇಪ್ಪತ್ತರ ಆಚೀಚೆಯ ಪ್ರಾಯ. ಅವರ ಹಿಂದೆ ಇನ್ನೂ ಕಿರಿಯರಿದ್ದಾರೆ. ತಾವು ಮಾಡದ ಯಾವುದಕ್ಕೋ ಹುಟ್ಟಿದಂದಿನಿಂದ ತಲೆ ತಗ್ಗಿಸಿ ನಡೆಯುತ್ತಿರುವ ಪೀಳಿಗೆ ಇದು.

ವೈದ್ಯಶಾಸ್ತ್ರ ತನ್ನ ಕೆಲಸವನ್ನು ಬಹುಮಟ್ಟಿಗೆ ಮಾಡಿ ಮುಗಿಸಿದೆ. ದಿನಕ್ಕೊಂದು ಮಾತ್ರೆ. ಅದನ್ನು ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸಹ ಸೋಂಕು ಹರಡುವುದಿಲ್ಲ ಎಂಬುದು 2019ರ ಹೊತ್ತಿಗೆ ನಿಸ್ಸಂದೇಹವಾಗಿ ಸಿದ್ಧಪಟ್ಟಿದೆ. ಅವರು ಮದುವೆಯಾಗಬಹುದು, ಸೋಂಕಿಲ್ಲದ ಮಕ್ಕಳನ್ನು ಪಡೆಯಬಹುದು, ಮುಪ್ಪಿನವರೆಗೆ ಬಾಳಬಹುದು. ಹಾಗಿದ್ದರೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಂದು ವಿಚಿತ್ರ ಲೆಕ್ಕವನ್ನು ಲೋಕದ ಮುಂದಿಟ್ಟಿತು: 2005ರಿಂದ 2012ರವರೆಗೆ ಒಟ್ಟಾರೆ ಎಚ್.ಐ.ವಿ. ಸಾವುಗಳು ಶೇಕಡಾ 30ರಷ್ಟು ಇಳಿದಿದ್ದರೆ, ಹದಿಹರೆಯದವರ ಸಾವುಗಳು ಮಾತ್ರ ಶೇಕಡಾ 50ರಷ್ಟು ಏರಿದ್ದವು. ಮದ್ದು ಇದ್ದೂ ಮಕ್ಕಳು ಸಾಯುತ್ತಿದ್ದರು. ಮಾತ್ರೆಯನ್ನು ಕೈಗೆ ಕೊಡುವವರಿದ್ದರು. ಅದನ್ನು ಏಕೆ ನುಂಗಬೇಕು ಎಂದು ಹದಿನಾರರ ಮನಸ್ಸಿಗೆ ಒಪ್ಪಿಸುವವರಿರಲಿಲ್ಲ.

ಈಗ ನಮ್ಮ ಊರುಗಳಿಗೆ ಬರೋಣ. ಬೆಂಗಳೂರಿನಂಥ ಊರಿನಲ್ಲಿ ಮನುಷ್ಯ ಕಳೆದುಹೋಗಬಹುದು. ಶಿರಹಟ್ಟಿಯಲ್ಲಿ ಕಳೆದುಹೋಗಲು ಜಾಗವೆಲ್ಲಿದೆ? ಲಕ್ಷ್ಮೇಶ್ವರದ ಪೇಟೆಯಲ್ಲಿ ಹುಡುಗನೊಬ್ಬ ಔಷಧದ ಅಂಗಡಿಯ ಮುಂದೆ ನಿಂತರೆ, ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿರುತ್ತದೆ. ಮುಂಡರಗಿಯಿಂದ ಗದಗಿಗೆ ನಲವತ್ತು ಕಿಲೋಮೀಟರಿನಷ್ಟು ದಾರಿ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು “ಎಲ್ಲಿಗಿ ಹೊಂಟೀ ತಮ್ಮಾ?” ಎಂದು ಕೇಳದೆ ಬಿಡುವುದಿಲ್ಲ. ಕೇಳದಿದ್ದರೆ ಅದು ನಮ್ಮಲ್ಲಿ ಅಗೌರವ. ದವಾಖಾನೆಗೆ ಎಂದರೆ ಏನಾಗಿದೆ ಎಂಬ ಪ್ರಶ್ನೆ, ಏನಾಗಿದೆ ಎಂದರೆ ಯಾವ ಡಾಕ್ಟರು ಎಂಬ ಪ್ರಶ್ನೆ. ಪ್ರೀತಿಯಿಂದಲೇ ಕೇಳುತ್ತಾರೆ. ಆ ಪ್ರೀತಿಯೇ ಈ ಮಕ್ಕಳ ಉಸಿರು ಕಟ್ಟಿಸುತ್ತದೆ. ಮನೆಯಲ್ಲಿ ಅಜ್ಜಿಗೆ ಗೊತ್ತು, ಆದರೆ ಅಜ್ಜಿಯೊಡನೆ ಯಾವ ಹುಡುಗ ತನ್ನ ಪ್ರೇಮದ ಮಾತಾಡಿಯಾನು? ಎ.ಆರ್.ಟಿ. ಕೇಂದ್ರದ ಆಪ್ತಸಮಾಲೋಚಕರಿಗೆ ಗೊತ್ತು, ಆದರೆ ಅವರ ಮುಂದೆ ಸರದಿ ಉದ್ದವಿರುತ್ತದೆ, ಅವರ ಪ್ರಶ್ನೆಗಳು ಫಾರಮ್ಮಿನಲ್ಲಿ ಅಚ್ಚಾಗಿರುತ್ತವೆ. ಊರು ಎಂಬುದು ಬಾಗಿಲಿಲ್ಲದ ಒಂದೇ ಪಡಸಾಲೆ. ಅದರಲ್ಲಿ ಇಂಥ ಹುಡುಗನಿಗೆ, ಹುಡುಗಿಗೆ, ಬಾಗಿಲು ಹಾಕಿಕೊಂಡು ಮಾತಾಡಬಹುದಾದ ಒಂದೇ ಕೋಣೆ ಇದೆ. ಅದು ಅಂಗೈಯಗಲದ ಮೊಬೈಲು.

ನಿವೃತ್ತಿಯಾದ ಮೇಲೆ ಗಣಿತ ಹೇಳಿಸಿಕೊಳ್ಳಲು ಕೆಲವು ಮಕ್ಕಳು ನನ್ನ ಬಳಿ ಬರುತ್ತಾರೆ. ಅವರಲ್ಲೊಬ್ಬನ ಸಂಗತಿಯನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬರೆದದ್ದನ್ನು ಓದಿಸಿದೆ, ಓದಿ ಎರಡು ಸಾಲು ತೆಗೆಸಿದ. ಊರು, ವರ್ಷ, ಓದುವ ತರಗತಿ ಯಾವುದನ್ನೂ ನೀವು ಊಹಿಸಲು ಹೋಗಬೇಡಿರಿ.

ಹುಡುಗ ವಸತಿನಿಲಯದಲ್ಲಿದ್ದ. ಪ್ರತಿ ಆದಿತ್ಯವಾರ ಸಂಜೆ ಬೇರೊಂದು ಜಿಲ್ಲೆಯಿಂದ ಇಪ್ಪತ್ತನಾಲ್ಕು ವರ್ಷದ ಯುವಕನೊಬ್ಬ ಅವನಿಗೆ ಫೋನು ಹಚ್ಚುತ್ತಿದ್ದ. ಆ ಯುವಕನೂ ಹುಟ್ಟಿನಿಂದಲೇ ಸೋಂಕು ಹೊತ್ತು ಬೆಳೆದವನು. ಇವನು ಅವನನ್ನು ‘ಅಣ್ಣ’ ಎನ್ನುತ್ತಿದ್ದ, ಮುಖ ನೋಡಿದ್ದಿಲ್ಲ. ಏನು ಮಾತಾಡುತ್ತಿದ್ದಿರಿ ಎಂದು ಕೇಳಿದೆ. “ಕ್ರಿಕೆಟ್ಟು ಸರ್. ಹತ್ತು ನಿಮಿಷದಾಗ ಗುಳಿಗಿ ಮಾತು ಒಂದ ನಿಮಿಷ.” ಒಂದು ದಿನ ನಿಲಯದಲ್ಲಿ ಪರೀಕ್ಷೆ ಮುಗಿಯುವವರೆಗೆ ಎಲ್ಲರ ಫೋನುಗಳನ್ನೂ ತೆಗೆದಿಡುವ ಆಜ್ಞೆಯಾಯಿತು. ನಾಲ್ಕಾರು ವಾರ ಕಳೆದ ಮೇಲೆ ಜೊತೆಗಿದ್ದ ಹುಡುಗನೊಬ್ಬ ಕೇಳಿದನಂತೆ: “ದಿನಾ ರಾತ್ರಿ ಅದೇನಲೇ ನುಂಗತೀ?” ಇವನಿಗೆ ಉತ್ತರ ಹೊಳೆಯಲಿಲ್ಲ. ಏನು ಹೇಳಲಿ ಎಂದು ಕೇಳಲು ಯಾರೂ ಇರಲಿಲ್ಲ. ಅಂದಿನಿಂದ ನುಂಗುವುದನ್ನೇ ಬಿಟ್ಟ. ಮುಂದಿನ ರಕ್ತಪರೀಕ್ಷೆಯಲ್ಲಿ ವೈರಾಣು ಏರಿತ್ತು.

ಫೋನು ಮರಳಿ ಕೈಗೆ ಬಂದ ದಿನ ಅಣ್ಣನಿಗೆ ಎಲ್ಲವನ್ನೂ ಹೇಳಿದ. ಅಣ್ಣ ಬಯ್ಯಲಿಲ್ಲ. “ಥೈರಾಯ್ಡ್ ಗುಳಿಗಿ ಅಂತ ಹೇಳಬೇಕಿತ್ತಲ್ಲೋ. ಅದನ್ನೂ ದಿನಾ ತಗೋತಾರ. ಮುಂದ ಯಾರೂ ಕೇಳೂದಿಲ್ಲ. ನಾನೂ ಹಂಗ ದಾಟಿ ಬಂದೀನಿ” ಎಂದನಂತೆ. ನಾನು ಮೂವತ್ತು ವರ್ಷಕ್ಕೂ ಮೇಲೆ ಪಾಠ ಹೇಳಿದವನು, ಸತ್ಯವನ್ನೇ ನುಡಿಯಬೇಕೆಂದು ಹಲಗೆಯ ಮೇಲೆ ಬರೆದವನು. ಆದರೂ ಹೇಳುತ್ತೇನೆ, ಆ ಸುಳ್ಳಿಗಿಂತ ಹಿತವಾದ ಮಾತನ್ನು ನಾನು ಕೇಳಿಲ್ಲ. ಇಂಥ ಉತ್ತರ ಯಾವ ಕೈಪಿಡಿಯಲ್ಲಿದೆ? ಯಾವ ತರಬೇತಿಯಲ್ಲಿ ಹೇಳಿಕೊಡುತ್ತಾರೆ? ಆ ದಾರಿಯಲ್ಲಿ ಬರಿಗಾಲಲ್ಲಿ ನಡೆದವನಿಗೆ ಮಾತ್ರ ಮುಳ್ಳು ಎಲ್ಲೆಲ್ಲಿದೆ ಎಂದು ಗೊತ್ತು. ಹುಡುಗ ಈಗ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ವೈರಾಣು ಇಳಿದಿದೆ. ನಿಲಯದ ಆಜ್ಞೆ ಮಾತ್ರ ಹಾಗೆಯೇ ಇದೆ.

ಇನ್ನು ಎರಡನೆಯ ಪಕ್ಷದವರು. ಇವರು ಫೋನಿನ ವಿರೋಧಿಗಳಲ್ಲ, ಅತಿಯಾದ ಅಭಿಮಾನಿಗಳು. ಕಂಪ್ಯೂಟರಿನಿಂದ ಎಲ್ಲರಿಗೂ ಏಕಕಾಲಕ್ಕೆ ‘ಮಾತ್ರೆ ಸೇವಿಸಿ’ ಎಂಬ ಸಂದೇಶ ಹೋಗುವಂತೆ ಮಾಡಿದರೆ ಕೆಲಸ ಮುಗಿಯಿತು, ಮನುಷ್ಯರಿಗೇಕೆ ಸಂಬಳ ಎನ್ನುವವರು. ಇವರಿಗೆ ನಮ್ಮ ನೆರೆಯಲ್ಲೇ ಉತ್ತರವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಡಾ. ಅನಿತಾ ಶೆಟ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಮೂರು ಚಿಕಿತ್ಸಾ ಕೇಂದ್ರಗಳಲ್ಲಿ, ಹೊಸದಾಗಿ ಔಷಧ ಆರಂಭಿಸಿದ 631 ಮಂದಿ ವಯಸ್ಕರ ಮೇಲೆ ಪ್ರಯೋಗ ನಡೆಸಿದರು. ಅರ್ಧದಷ್ಟು ಜನರಿಗೆ ವಾರಕ್ಕೊಮ್ಮೆ ಯಂತ್ರದಿಂದ ಧ್ವನಿ ಕರೆ ಮತ್ತು ಒಂದು ಚಿತ್ರಸಂದೇಶ. ಉಳಿದವರಿಗೆ ಎಂದಿನ ಚಿಕಿತ್ಸೆ ಮಾತ್ರ. 2014ರಲ್ಲಿ ಫಲಿತಾಂಶ ಪ್ರಕಟವಾಯಿತು: ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಸೋಲನ್ನು ಪ್ರಾಮಾಣಿಕವಾಗಿ ಅಚ್ಚು ಹಾಕಿಸಿದ ಆ ವಿದ್ವಾಂಸರಿಗೆ ನನ್ನ ನಮಸ್ಕಾರ. ಅಂಥದ್ದು ಅಪರೂಪ.

ಅದಕ್ಕೂ ಮೊದಲು, 2010ರಲ್ಲಿ, ಆಫ್ರಿಕದ ಕೀನ್ಯಾದಿಂದ ಬೇರೊಂದು ವರದಿ ಬಂದಿತ್ತು. ಅಲ್ಲಿ 538 ಮಂದಿಯ ಪೈಕಿ ಅರ್ಧದಷ್ಟು ಜನರಿಗೆ ವಾರಕ್ಕೊಮ್ಮೆ ದಾದಿಯರು ಒಂದೇ ಒಂದು ಪದ ಕಳಿಸುತ್ತಿದ್ದರು: ‘ಮಾಂಬೊ?’ ಸ್ವಾಹಿಲಿಯಲ್ಲಿ ಅದು ನಮ್ಮ ‘ಹೆಂಗದೀ?’ ಇದ್ದಂತೆ. ಮಾತ್ರೆಯ ಸುದ್ದಿಯಿಲ್ಲ, ರೋಗದ ಹೆಸರಿಲ್ಲ. ಎರಡು ದಿನದೊಳಗೆ ಉತ್ತರ ಬರಬೇಕು. ತೊಂದರೆಯಿದೆ ಎಂದರೂ, ಉತ್ತರ ಬಾರದಿದ್ದರೂ, ದಾದಿ ತಾನೇ ಫೋನು ಮಾಡುತ್ತಿದ್ದಳು. ಔಷಧವನ್ನು ಕ್ರಮವಾಗಿ ತೆಗೆದುಕೊಂಡವರು ಆ ಗುಂಪಿನಲ್ಲಿ ಶೇಕಡಾ 62, ಸಂದೇಶವಿಲ್ಲದ ಗುಂಪಿನಲ್ಲಿ ಶೇಕಡಾ 50. ಎರಡು ದೇಶ, ಎರಡು ಬಗೆಯ ಆಸ್ಪತ್ರೆಗಳು. ಒಂದರ ಪಕ್ಕ ಇನ್ನೊಂದನ್ನಿಟ್ಟು ತೂಗುವುದು ಪೂರ್ತಿ ನ್ಯಾಯವಲ್ಲ ಎಂಬುದನ್ನು ಬಲ್ಲೆ. ಆದರೂ ಗಂಟೆ ಬಾರಿಸಿ ಹೋಗುವುದಕ್ಕೂ ಬಾಗಿಲು ತಟ್ಟಿ ಉತ್ತರಕ್ಕಾಗಿ ಕಾಯುವುದಕ್ಕೂ ಇರುವ ಅಂತರ, ತರಗತಿಯಲ್ಲಿ ಒಂದು ವರ್ಷ ನಿಂತವನಿಗೂ ಗೊತ್ತಾಗುತ್ತದೆ. ಹಾಜರಿ ಕೂಗುವುದು ಪಾಠವಲ್ಲ.

ಕಾಯುವವರು ಸಮವಯಸ್ಕರೇ ಆಗಿದ್ದರೆ? ಜಿಂಬಾಬ್ವೆಯಲ್ಲಿ 2004ರಿಂದ ‘ಜ್ವಾಂದಿರಿ’ ಎಂಬ ಕಾರ್ಯಕ್ರಮವಿದೆ. ಶೋನಾ ಭಾಷೆಯಲ್ಲಿ ‘ನಾನು ಇರುವಂತೆಯೇ’ ಎಂದರ್ಥವಂತೆ. ಎಚ್.ಐ.ವಿ. ಇರುವ 18ರಿಂದ 24 ವರ್ಷದ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ತಮಗಿಂತ ಕಿರಿಯರ ಬೆನ್ನಿಗೆ ನಿಲ್ಲಿಸುತ್ತಾರೆ. ಮನೆಗೆ ಹೋಗುತ್ತಾರೆ, ಫೋನು ಮಾಡುತ್ತಾರೆ, ಸಂದೇಶ ಕಳಿಸುತ್ತಾರೆ, ತಿಂಗಳಿಗೊಮ್ಮೆ ಎಲ್ಲರೂ ಸೇರುತ್ತಾರೆ. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡು ವರ್ಷದ ಸುಮಾರಿಗೆ ಔಷಧ ವಿಫಲವಾದವರು ಅಥವಾ ಸತ್ತವರು ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 36, ಈ ಅಣ್ಣ ಅಕ್ಕಂದಿರ ಆಸರೆಯಿದ್ದ ಗುಂಪಿನಲ್ಲಿ ಶೇಕಡಾ 25. ನೂರಕ್ಕೆ ಹನ್ನೊಂದು ಮಕ್ಕಳ ವ್ಯತ್ಯಾಸ. ಒಂದು ತರಗತಿಯ ಎರಡು ಬೆಂಚುಗಳಿಗೂ ಹೆಚ್ಚು.

ಅಲ್ಲಿನ ಯಶಸ್ಸು ಫೋನೊಂದರದೇ ಅಲ್ಲ, ಮನೆಭೇಟಿಯದೂ ಹೌದಲ್ಲವೆ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಬೆಟಗೇರಿಯ ನೇಕಾರರ ಓಣಿಯೊಂದಕ್ಕೆ ಅಪರಿಚಿತ ಯುವಕನೊಬ್ಬ ತಿಂಗಳಿಗೆ ಎರಡು ಸಲ ಬೈಕಿನಲ್ಲಿ ಬಂದು ಒಂದೇ ಮನೆಯ ಮುಂದೆ ನಿಲ್ಲಿಸಿದರೆ ಏನಾಗುತ್ತದೆ, ಯೋಚಿಸಿರಿ. ಆ ಮನೆಯಲ್ಲಿ ವಯಸ್ಸಿಗೆ ಬಂದ ಹುಡುಗಿಯಿದ್ದರಂತೂ ಮುಗಿದೇಹೋಯಿತು. ಮನೆಭೇಟಿ ಇಲ್ಲಿ ಗುಟ್ಟನ್ನು ಒಡೆಯುತ್ತದೆ; ಫೋನು ಬೈಕಿಲ್ಲದ ಮನೆಭೇಟಿ. ಕೋವಿಡ್ ಕಾಲದಲ್ಲಿ ಬಸ್ಸುಗಳೇ ನಿಂತಾಗ ಇದು ಇನ್ನೂ ಸ್ಪಷ್ಟವಾಯಿತು. ದಕ್ಷಿಣ ಭಾರತದಲ್ಲಿ ‘ಐಮ್‌ಪಾಸಿಬಲ್ ಫೆಲೋಶಿಪ್’ ಎಂಬ ಹೆಸರಿನಲ್ಲಿ, ಎಚ್.ಐ.ವಿ.ಯೊಂದಿಗೆ ಬೆಳೆದ ಯುವಜನರೇ ತಮ್ಮಂಥ ಕಿರಿಯರಿಗೆ ದೂರದಿಂದಲೇ ಆಸರೆಯಾಗುವ ಪ್ರಯತ್ನ ನಡೆದಿದೆ. ಅಂದರೆ ಇದು ಆಫ್ರಿಕದಿಂದ ಆಮದಾಗಬೇಕಾದ ವಿದ್ಯೆಯಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಎಚ್.ಐ.ವಿ. ಇರುವ ಎಲ್ಲ ಹರೆಯದವರಿಗೆ ಮನೋಸಾಮಾಜಿಕ ಆಸರೆ ಒದಗಿಸಲೇಬೇಕೆಂದು ಶಿಫಾರಸು ಮಾಡಿದೆ. ಮಾಡಿ ತೋರಿಸಿದ್ದಾಗಿದೆ, ಶಿಫಾರಸೂ ಆಗಿದೆ. ಜಿಲ್ಲೆಜಿಲ್ಲೆಗೆ ಅದನ್ನು ಕಾಯಂ ಏರ್ಪಾಡಾಗಿ ತರುವ ಮನಸ್ಸು ಬೇಕು.

“ತಾನೇ ಜಡ್ಡಿನಾಂವ, ಮತ್ತೊಬ್ಬರಿಗೇನು ಸಮಾಧಾನ ಹೇಳಿಯಾನು?” ಎಂದು ನಮ್ಮ ಬಂಧುವೊಬ್ಬರು ನನ್ನನ್ನು ಕೇಳಿದರು. ಈ ಪ್ರಶ್ನೆ ಗದಗಿನವರ ಬಾಯಲ್ಲಿ ಬರಬಾರದಿತ್ತು. ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ನಂತರ 2010ರವರೆಗೆ ಅದನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಆ ಮಠದಲ್ಲಿ ಅಂಧ ಬಾಲಕರಿಗೆ ಹಾರ್ಮೋನಿಯಮ್ಮಿನ ಮನೆಗಳನ್ನು ಬೆರಳು ಹಿಡಿದು ತೋರಿಸಿದವರು ಕಣ್ಣುಳ್ಳ ಪಂಡಿತರಲ್ಲ. ಕತ್ತಲೆಯಲ್ಲಿ ಸ್ವರ ಹುಡುಕುವುದು ಹೇಗೆಂದು ತಾವೇ ಕಂಡುಕೊಂಡಿದ್ದವರು. ಪುಣ್ಯಾಶ್ರಮದ ಮುಂದೆ ಕೈಮುಗಿದು ಹೋಗುವ ನಾವು, ಅಲ್ಲಿ ನಡೆದದ್ದು ಏನೆಂದು ಒಂದು ಸಲ ವಿಚಾರ ಮಾಡಬಾರದೆ? ಬೇರೆಡೆ ಕರುಣೆಯ ಹೆಸರಿನಲ್ಲಿ ಅನ್ನ ಹಾಕಿದರು. ಅಲ್ಲಿ ಇದ್ದವರೇ ಇದ್ದವರಿಗೆ ವಿದ್ಯೆ ಕೊಟ್ಟರು. ಆಪ್ತಸಮಾಲೋಚಕಿ ‘ಮದುವೆಯಾಗಬಹುದು’ ಎಂದರೆ ಅದು ಮಾಹಿತಿ. ‘ನನ್ನ ಮದುವೆಯಾಗಿದೆ, ಮಗಳಿಗೆ ಎರಡು ವರ್ಷ, ಅವಳಿಗೆ ಸೋಂಕಿಲ್ಲ’ ಎಂದು ಫೋನಿನಲ್ಲಿ ಅಕ್ಕನೊಬ್ಬಳು ಹೇಳಿದರೆ, ಹದಿನೇಳರ ಹುಡುಗಿ ಆ ರಾತ್ರಿ ಮಾತ್ರೆ ನುಂಗುತ್ತಾಳೆ.

ಆದರೆ ಈ ಅಣ್ಣ ಅಕ್ಕಂದಿರಿಗೆ ಸಂಬಳ ಬೇಡವೆ? ಇಲ್ಲಿ ನಮ್ಮವರ ನಾಲಗೆಗೆ ತಟ್ಟನೆ ‘ಸೇವೆ’ ಎಂಬ ಪದ ಬಂದುಬಿಡುತ್ತದೆ. ಬಡವರಿಂದ ಪುಕ್ಕಟೆ ದುಡಿಸಿಕೊಳ್ಳಬೇಕಾದಾಗಲೆಲ್ಲ ನಮಗೆ ಸೇವೆ ನೆನಪಾಗುತ್ತದೆ. ವಾರಕ್ಕೆ ಇಪ್ಪತ್ತು ಮಕ್ಕಳ ದುಃಖವನ್ನು ಕಿವಿಯಲ್ಲಿ ಹಾಕಿಕೊಳ್ಳುವುದು ಕೆಲಸ. ಸಾಧಾರಣ ಕೆಲಸವೂ ಅಲ್ಲ. ತನ್ನ ಗಾಯವನ್ನೇ ದಿನವೂ ಕೆದಕಿಕೊಳ್ಳುವ ಕೆಲಸ. ಅದಕ್ಕೆ ತರಬೇತಿ ಬೇಕು, ಅವರ ಮಾತನ್ನು ಕೇಳುವ ಹಿರಿಯರೊಬ್ಬರು ಬೇಕು, ತಿಂಗಳ ಕೊನೆಗೆ ಹಣ ಬೇಕು. ಫೋನಿಗೆ ಕರೆನ್ಸಿಯನ್ನು ಸ್ವಂತ ಕಿಸೆಯಿಂದ ಹಾಕಿಸಿಕೊಳ್ಳಿರಿ ಎನ್ನುವ ಯೋಜನೆಯನ್ನು ಯೋಜನೆ ಎನ್ನಬಾರದು.

ಗುಟ್ಟಿನ ವಿಚಾರ ಬಂತು. ಉತ್ಸಾಹಿಗಳು ಮೊದಲು ಮಾಡುವ ಕೆಲಸ ವಾಟ್ಸಾಪ್ ಗುಂಪು. ದಯವಿಟ್ಟು ಬೇಡ. ಗುಂಪಿಗೆ ಸೇರಿದೊಡನೆ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುತ್ತದೆ. ಶಿರಹಟ್ಟಿಯ ಹುಡುಗನ ನಂಬರು ಲಕ್ಷ್ಮೇಶ್ವರದ ಸಹಪಾಠಿಯಲ್ಲಿ ಮೊದಲೇ ಇದ್ದರೆ? ಒಬ್ಬರಿಗೆ ಒಬ್ಬರು, ಧ್ವನಿಯಲ್ಲಿ, ಅದೂ ಬೇರೆ ತಾಲ್ಲೂಕಿನವರು. ಅಷ್ಟು ಸಾಕು. ಬಹಳ ಮನೆಗಳಲ್ಲಿ ಈಗಲೂ ಫೋನು ಒಂದೇ, ನಾಲ್ಕು ಜನರ ಕೈಯಲ್ಲಿ ತಿರುಗುವಂಥದು. ಅದರ ಪರದೆಯ ಮೇಲೆ ‘ಎ.ಆರ್.ಟಿ.’ ಎಂಬ ಮೂರಕ್ಷರ ಮಿಂಚಿದರೂ ಅನಾಹುತವೇ. ಕೀನ್ಯಾದ ದಾದಿಯರು ಬರಿಯ ‘ಹೆಂಗದೀ’ ಎಂದು ಕೇಳಿ ನಿಲ್ಲಿಸಿದ್ದರಲ್ಲಿ ಎಷ್ಟು ಜಾಣತನವಿತ್ತು ನೋಡಿರಿ.

ಇದಕ್ಕೆ ಕಾಯಿದೆಯ ಬಲವೂ ಇದೆ. ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ 2017ರಲ್ಲಿ ಆಯಿತು, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ವಿದ್ಯಾಸಂಸ್ಥೆಗಳಲ್ಲಿ ಭೇದ ಮಾಡುವುದನ್ನು ಅದು ನಿಷೇಧಿಸುತ್ತದೆ. ನಂಬಿ ಹೇಳಿದ ಒಬ್ಬರ ಸೋಂಕಿನ ಸಂಗತಿಯನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನೂ ತಡೆಯುತ್ತದೆ. ಶಿಕ್ಷಕರ ಕೊಠಡಿಯಲ್ಲಿ ಚಹಾ ಕುಡಿಯುತ್ತ ‘ಆ ಹುಡುಗನಿಗೆ ಅದು ಐತಂತ’ ಎಂದು ಪಿಸುಗುಟ್ಟುವವರು ಇದನ್ನು ಗಮನಿಸಬೇಕು.

ಹುಡುಗಿಯರ ಪಾಡು ಇನ್ನೊಂದು ಬಗೆಯದು. ಹುಡುಗನ ಫೋನನ್ನು ಪರೀಕ್ಷೆಗೆಂದು ಕಸಿಯುತ್ತಾರೆ, ಹುಡುಗಿಯ ಫೋನನ್ನು ಮಾನಕ್ಕೆಂದು ಕಸಿಯುತ್ತಾರೆ. ಪರೀಕ್ಷೆಯಾದರೂ ಒಂದು ದಿನ ಮುಗಿಯುತ್ತದೆ. ಅವಳು ಪಿಸುದನಿಯಲ್ಲಿ ಮಾತಾಡಿದರೆ ಯಾರೊಡನೆ ಎಂಬ ಸಂಶಯ, ಜೋರಾಗಿ ಮಾತಾಡುವಂಥ ವಿಷಯವೋ ಅದಲ್ಲ. ಸೋದರಮಾವನ ಮನೆಯಲ್ಲಿ ಬೆಳೆದವಳಾದರೆ ತನ್ನದೆನ್ನುವ ಫೋನೇ ಇಲ್ಲ. ಇಂಥವರಿಗಾಗಿ ಎ.ಆರ್.ಟಿ. ಕೇಂದ್ರದಲ್ಲಿಯೇ ಒಂದು ಮೂಲೆ, ಒಂದು ಕುರ್ಚಿ, ಒಂದು ಫೋನು ಇಡಬಹುದಲ್ಲ? ಔಷಧಕ್ಕೆ ಬಂದ ದಿನ ಅರ್ಧ ಗಂಟೆ ಬಾಗಿಲು ಮುಂದೆ ಮಾಡಿಕೊಂಡು ಅಕ್ಕನೊಡನೆ ಮಾತಾಡಿ ಹೋಗಲಿ. ಸಮಾಲೋಚನೆಯ ಕೋಣೆಗೆ ಒಂದು ಚಿಲಕ ಹಾಕಿಸುವ ಖರ್ಚು ಎಷ್ಟಾದೀತು?

ವಸತಿನಿಲಯ ನಡೆಸುವ ನನ್ನ ಶಿಷ್ಯರಿಗೆ ಒಂದು ಮಾತು. ಎಚ್.ಐ.ವಿ. ಇರುವವರಿಗೆ ಮಾತ್ರ ಫೋನಿನ ವಿನಾಯಿತಿ ಕೊಟ್ಟರೆ ಆ ವಿನಾಯಿತಿಯೇ ಹಣೆಪಟ್ಟಿಯಾಗುತ್ತದೆ. ಆದುದರಿಂದ ನಿಲಯದ ಪ್ರತಿಯೊಬ್ಬ ಮಗುವಿಗೂ ಆದಿತ್ಯವಾರ ಸಂಜೆ ಒಂದು ತಾಸು ಫೋನು ಕೊಡಿರಿ; ಯಾರಿಗೆ, ಏಕೆ ಎಂದು ಕೇಳಬೇಡಿರಿ, ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳಲೂ ಬೇಡಿರಿ. ತೊಂಬತ್ತೊಂಬತ್ತು ಮಕ್ಕಳು ಅವ್ವನೊಡನೆಯೋ ಗೆಳೆಯನೊಡನೆಯೋ ಹರಟುತ್ತಾರೆ. ಹರಟಲಿ. ಮನೆಯಲ್ಲಿರುವವರಿಗೆ ಇನ್ನೊಂದು ಮಾಹಿತಿ: 1097 ಎಂಬ ರಾಷ್ಟ್ರೀಯ ಸಹಾಯವಾಣಿ ಪುಕ್ಕಟೆಯಾಗಿದೆ. ಅದು ಅಣ್ಣನ ಆದಿತ್ಯವಾರದ ಫೋನಿಗೆ ಬದಲಿಯಲ್ಲ, ಆದರೆ ಆ ಅಣ್ಣ ಸಿಗುವವರೆಗೆ ಕತ್ತಲಲ್ಲಿ ಒಂದು ಚಿಮಣಿ.

ನಿಮ್ಮ ನಿಮ್ಮ ನಿಲಯದ ನಿಯಮಾವಳಿಯ ಒಂದೊಂದು ಪ್ರತಿಯನ್ನು ನನಗೆ ಕಳಿಸಿಕೊಡಿರಿ. ತಿದ್ದುಪಡಿಯ ಕರಡನ್ನು ನಾನೇ ಬರೆದುಕೊಡುತ್ತೇನೆ. ಕೆಂಪು ಶಾಯಿ ಇನ್ನೂ ಉಳಿದಿದೆ.